ಇನ್ನೊಂದ್ಸಲ ತಟ್ಟವ್ವಾ

2025 ಅಕ್ಟೋಬರ್ 1, ಬುಧವಾರ ರಾತ್ರಿ
ಆನ್ ಆರ್ಬರ್, ಮಿಷಿಗನ್

ಗ್ಯಾರೇಜಿನಲ್ಲಿ ಎರಡು ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎರಕದ ಒಡಲು, ಪಕ್ಕಪಕ್ಕ ಕೂತಿವೆ. ಒಂದು 5.7 ಲೀಟರಿನ ಅಲ್ಯೂಮಿನಿಯಂ ಎಲ್‌ಎಸ್‌1, 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಜೊತೆ ಬಂದ ನಮೂನೆ. ಇನ್ನೊಂದು ಗುಜರಿ ಟ್ರಕ್ಕಿನದು, 6 ಲೀಟರ್, ಬೀಡು ಕಬ್ಬಿಣ. ಶನಿವಾರದೊಳಗೆ ಒಂದನ್ನು ವಾಪಸ್ ಕೊಡಬೇಕು. ನನ್ನ ಮನಸ್ಸೆಲ್ಲ ಅಲ್ಯೂಮಿನಿಯಂ ಮೇಲೆ. ಸುಮಾರು 40 ಕೆಜಿ ಹಗುರ. ನೇರ ದಾರಿಯಲ್ಲಿ ಗಳಿಗೆ ಹೊತ್ತು ಓಡುವ ಡ್ರ್ಯಾಗ್ ರೇಸ್ ಕಾರಿಗೆ ಅದು ಸಣ್ಣ ಮಾತಲ್ಲ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ದಾವಣಗೆರೆಯಲ್ಲಿ ಆಗಲೇ ವಿಜಯದಶಮಿ ಬೆಳಗು. ಆಯುಧಪೂಜೆಯ ಚೆಂಡುಹೂವಿನ ಹಾರ ಅಂಗಡಿಯಲ್ಲಿ ಸಿಲಿಂಡರ್ ಕೊರೆಯುವ ಬೋರಿಂಗ್ ಮಷಿನ್ ಮೇಲೆ ಹಾಗೇ ಇತ್ತು.

"ಎಷ್ಟು ಹೊತ್ತು ಓಡಿಸ್ತೀಯವ್ವಾ ಇದನ್ನ?"

"ಒಂದು ಸಲಕ್ಕೆ ಹತ್ತು ಸೆಕೆಂಡ್ ಅಪ್ಪಾ. 402 ಮೀಟರ್ ಅಷ್ಟೆ."

ಓಟ ಅಷ್ಟು ಚಿಕ್ಕದು ಅಂತಲೇ ಕೆಲವರು ವಾಟರ್ ಜಾಕೆಟ್ಟಿಗೆ, ಅಂದರೆ ಸಿಲಿಂಡರ್ ತಣಿಸುವ ನೀರು ಹರಿಯುವ ಜಾಗಕ್ಕೆ, ಸಿಮೆಂಟಿನಂಥ ಗಾರೆ ಸುರಿದು ಗಟ್ಟಿ ಮಾಡುತ್ತಾರೆ ಅಂದೆ. ನಲವತ್ತು ವರ್ಷ ಲಾರಿ, ಟ್ರ್ಯಾಕ್ಟರ್ ಬ್ಲಾಕ್ ಕೊರೆದ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಟರ್ಬೊ ಹಾಕ್ತೀಯಾ?"

ಹೂಂ ಅಂದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತೆ, ಸಿಲಿಂಡರಿನೊಳಗೆ ಒತ್ತಡ ಏರುತ್ತೆ.

"ಹಂಗಾದ್ರೆ ತೂಕ ಆಮೇಲೆ. ಮೊದಲು ಸಿಲಿಂಡರ್ ಗೋಡೆ ನೋಡು."

ಎಲ್‌ಎಸ್‌1ನ ಸಿಲಿಂಡರಿನೊಳಗಿನ ಕಬ್ಬಿಣದ ತೋಳು (ಸ್ಲೀವ್) ತೆಳ್ಳಗೆ, ಜಾಸ್ತಿ ಕೊರೆಯೋಕಾಗಲ್ಲ. ಬೀಡಿನದರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 101.6 ಮಿ.ಮೀ., ಇನ್ನೂ ಮುಕ್ಕಾಲು ಮಿ.ಮೀ. ಕೊರೆದರೂ ತಡೆಯುತ್ತೆ. ಆದರೆ ಬೀಡು ಅಂದ ಮಾತ್ರಕ್ಕೆ ನಂಬಬೇಡ ಅಂದರು. "ಎರಕ ಹೊಯ್ಯುವಾಗ ಒಳಗಿಡೋ ಮರಳಿನ ಅಚ್ಚು, ಆ ಕೋರ್, ಒಂಚೂರು ಸರಿದಿದ್ರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಕಣ್ಣಿಗೆ ಕಾಣಲ್ಲ. ಪಿಸ್ಟನ್ ಒತ್ತೋ ಕಡೆನೇ ತೆಳ್ಳಗಿದ್ರೆ ಅಲ್ಲೇ ಸೀಳುತ್ತೆ."

ಇಲ್ಲಿ ಅಲ್ಟ್ರಾಸೌಂಡ್ ಹಿಡಿದು ಅಳೆಯುತ್ತಾರೆ ಅಂದೆ.

"ಬಸುರಿಗೆ ಹಿಡಿದಂಗಾ? ಅಳೆಸು. ಅದಕ್ಕೂ ಮುಂಚೆ ಬಿರುಕು ಐತೇನು ನೋಡೋಣ. ಸುತ್ತಿಗೆ ತಗೊಂಡು ತಟ್ಟು. ಬಿರುಕಿದ್ರೆ ಸದ್ದು ಮಂಕಾಗುತ್ತೆ."

ತಟ್ಟಿದೆ. ಠಣ್ ಅಂತ ಗಂಟೆಯ ಹಾಗೆ ಎದ್ದು, ನಿಧಾನಕ್ಕೆ ಆರಿತು. ಮೈ ಜುಮ್ಮೆಂದಿತು. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ದಿನಾ ಕೇಳುತ್ತಿದ್ದ ಸದ್ದು ಅದೇ.

ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು. ಪರದೆ ತುಂಬ ಅವರ ಕಿವಿ, ಅದರ ಮೇಲೆ ನಾಲ್ಕು ಬಿಳಿ ಕೂದಲು.

"ಇನ್ನೊಂದ್ಸಲ ತಟ್ಟವ್ವಾ."

ತಟ್ಟಿದೆ. ಇನ್ನೂ ಜೋರಾಗಿ ತಟ್ಟಿದೆ.

"ಇನ್ನೊಂದ್ಸಲ."

ಬೀಡಿನ ಬ್ಲಾಕನ್ನು ನಾಳೆ ಅಳೆಸೋಕೆ ಒಯ್ಯುತ್ತೇನೆ. ಎಂಟು ಸಿಲಿಂಡರನ್ನೂ, ಒತ್ತುವ ಕಡೆ ಎರಡೆರಡು ಸಲ. ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಬೇಕು. ಮನೆಯಲ್ಲಿ ಟಿವಿ ಈಗ ಎಷ್ಟು ಜೋರಾಗಿ ಇಡುತ್ತಾರೆ ಅಂತ...