ತಿಥಿಯ ಊಟಕ್ಕೆ ಕುಳಿತ ಮೂವರು

ನಮ್ಮ ಹೈಸ್ಕೂಲಿನ ಅಮೃತ ಮಹೋತ್ಸವದ ಸಂಚಿಕೆಗೆ ನೆನಪಿನ ಲೇಖನ ಬೇಕೆಂಬ ಪತ್ರ ಕೈಸೇರಿದ ವಾರದಲ್ಲೇ ನಮ್ಮ ಸಂಸ್ಕೃತ ಮಾಸ್ತರು ತೀರಿಕೊಂಡ ಸುದ್ದಿಯೂ ಬಂತು. ಬರೆಯಬೇಕೆಂದುಕೊಂಡಿದ್ದ ಬೇರೆಲ್ಲವೂ ಅದರೊಂದಿಗೆ ಹಿಂದೆ ಸರಿಯಿತು. 1979ರಿಂದ ಮೂರು ವರ್ಷ ಆ ಶಾಲೆಯಲ್ಲಿ ನಾನು ಏನೇನು ಓದಿದೆನೋ ಈಗ ಹೇಳಲಾರೆ. ಶಬ್ದರೂಪಗಳು ಅರ್ಧಂಬರ್ಧ ಉಳಿದಿವೆ, ಬೀಜಗಣಿತ ಪೂರ್ತಿ ಮರೆತಿದೆ. ಆದರೆ ಒಂಬತ್ತನೆಯ ತರಗತಿಯ ಒಂದು ಮಧ್ಯಾಹ್ನದ ಊಟ ಮಾತ್ರ ಎಲೆಯ ಮೇಲಿನ ಒಂದೊಂದು ಪದಾರ್ಥದೊಂದಿಗೆ ನೆನಪಿದೆ.

ಅದು ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿಯ, ಅಂದರೆ ಅಪ್ಪೆಮಿಡಿಯ ಕಾಲ. ಮಾಸ್ತರ ಮನೆಯ ಹಿಂದೆ, ಅಘನಾಶಿನಿಯತ್ತ ಹರಿಯುವ ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ಅಪ್ಪೆ ಮರವಿತ್ತು. ಅದರ ಮಿಡಿಯ ಸೊನೆಯ ಪರಿಮಳ ರಸ್ತೆಯವರೆಗೂ ಬರುತ್ತಿತ್ತು. ಮಾಸ್ತರು ಅಂದು ರಜೆ ಹಾಕಿದ್ದಾರೆಂದು ತಿಳಿದು, ಊರಲ್ಲಿಲ್ಲವೆಂದು ನಾವೇ ತೀರ್ಮಾನಿಸಿ, ಮಧ್ಯಾಹ್ನದ ತರಗತಿಗೆ ಚಕ್ಕರ್ ಹೊಡೆದು ಮೂವರು ಆ ಮರ ಹತ್ತಿದೆವು. ನನ್ನೊಂದಿಗೆ ಇದ್ದವರಲ್ಲಿ ಒಬ್ಬ ನಾಮಧಾರಿ ಸಮುದಾಯದ ಮನೆಯವನು, ಇನ್ನೊಬ್ಬ ಶಿರಸಿಯಿಂದ ಬರುತ್ತಿದ್ದ ಅಂಗಡಿಕಾರರ ಮಗ. ಅಂಗಿಯೊಳಗೆ ಮಿಡಿ ತುಂಬಿಕೊಳ್ಳುತ್ತಿದ್ದಾಗ ಮರದ ಬುಡದಲ್ಲಿ ಮಾಸ್ತರು ನಿಂತಿರುವುದು ಕಂಡಿತು. ಒದ್ದೆ ಪಂಚೆ, ಬಲಗೈ ಬೆರಳಲ್ಲಿ ಇನ್ನೂ ತೆಗೆಯದ ದರ್ಭೆಯ ಪವಿತ್ರ. ಅವರು ಬೈಯಲಿಲ್ಲ. “ಕೆಳಗಿಳಿಯಿರಿ. ಕೈಕಾಲು ತೊಳೆದುಕೊಂಡು ಒಳಗೆ ಬನ್ನಿ, ಬಾಳೆ ಹಾಕಿ ಆಗಿದೆ” ಎಂದರು.

ಒಳಗೆ ಜಗಲಿಯಲ್ಲಿ ನಮ್ಮ ಮೂವರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿದರು. ವಡೆ, ಸುಟ್ಟೇವು, ಪಾಯಸ ಬಂದಾಗ ಅದು ತಿಥಿಯ ಊಟವೆಂದು ನನಗೆ ತಿಳಿಯಿತು, ಉಳಿದಿಬ್ಬರಿಗೆ ತಿಳಿಯಲಿಲ್ಲ. ಅದು ಮಾಸ್ತರ ತಂದೆಯ ಶ್ರಾದ್ಧ. ಆದರೆ ಶ್ರಾದ್ಧದ ಮನೆಯಲ್ಲಿ ಇರಬೇಕಾದ ಭಟ್ಟರಿರಲಿಲ್ಲ, ನೆಂಟರಿರಲಿಲ್ಲ. ದರ್ಭೆಯ ಕೂರ್ಚಗಳನ್ನೇ ಬ್ರಾಹ್ಮಣರ ಸ್ಥಾನದಲ್ಲಿಟ್ಟು, ಮಂತ್ರವನ್ನು ತಾವೇ ಹೇಳಿಕೊಂಡು, ಅವರು ಕರ್ಮವನ್ನು ಒಂದಿಷ್ಟೂ ಲೋಪವಿಲ್ಲದೆ ಮುಗಿಸಿದ್ದರು. ಯಾರೂ ಸಿಗದಾಗ ಹಾಗೆ ಮಾಡಲು ಶಾಸ್ತ್ರದಲ್ಲೇ ಅವಕಾಶವಿದೆ ಎಂಬುದನ್ನು ನಾನು ಬಹಳ ವರ್ಷಗಳ ನಂತರ ಅವರಿಂದಲೇ ತಿಳಿದೆ.

ಮನೆಗೆ ಹೋಗಿ ಊಟದ ಸಂಗತಿ ಹೇಳಿದ್ದೇ ತಡ, ಅಜ್ಜ ಕೆಂಡವಾದರು. ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದು, ಪಂಚಗವ್ಯ ಕುಡಿಸಿದರು. ಅಪ್ಪಯ್ಯ ಒಂದು ಮಾತೂ ಆಡದೆ ತೋಟಕ್ಕೆ ಹೊರಟುಹೋದರು. ಮಾಸ್ತರ ಮನೆಗೆ ಹತ್ತು ವರ್ಷಗಳಿಂದ ಬಹಿಷ್ಕಾರವಿದೆ ಎಂದು ಆಯಿ ಆ ರಾತ್ರಿ ತಿಳಿಸಿದರು. ಇಪ್ಪತ್ತೆರಡರ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ತಂಗಿಗೆ ಮಾಸ್ತರು ಮುಂದೆ ನಿಂತು ಮರುಮದುವೆ ಮಾಡಿಸಿದ್ದರು. ವಿಧವೆಯರ ಮರುವಿವಾಹಕ್ಕೆ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ನಮ್ಮ ಸೀಮೆಯ ಪಂಕ್ತಿಗೆ ಆ ಸುದ್ದಿ ನೂರು ವರ್ಷ ಕಳೆದರೂ ತಲುಪಿರಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡು ಕಾಣಿಕೆ ಒಪ್ಪಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಹಿರಿಯರು ಹೇಳಿಕಳಿಸಿದ್ದರಂತೆ. ಪಾಪ ಮಾಡಿದ್ದರೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೆ, ಮಾಡಿಲ್ಲವಲ್ಲ ಎಂದು ಮಾಸ್ತರು ಉತ್ತರ ಕೊಟ್ಟು ಕಳಿಸಿದ್ದರಂತೆ.

ಅವರು ಹೀಗೆ ನಡೆದುಕೊಂಡದ್ದು ದೇವರನ್ನು ಬಿಟ್ಟಲ್ಲ. ನಾನು ಕಂಡವರಲ್ಲಿ ಅವರಷ್ಟು ಶ್ರದ್ಧೆಯಿಂದ ಮೂರು ಹೊತ್ತೂ ಸಂಧ್ಯಾವಂದನೆ ಮಾಡಿದವರು ಮತ್ತೊಬ್ಬರಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು, ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಯ ಮುಂದೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ತರಗತಿಯಲ್ಲಿ ಒಮ್ಮೆ ಆ ಜಾತ್ರೆಯ ಮಾತು ಬಂದಾಗ, ಅಲ್ಲಿ ಕೋಣಬಲಿ ನಿಂತದ್ದು 1930ರ ದಶಕದಲ್ಲಿ, ಗಾಂಧೀಜಿಯವರ ಪ್ರಭಾವದಿಂದ ಎಂದು ವಿವರಿಸಿದ್ದರು. ಬಲಿ ನಿಂತರೆ ಊರಿಗೆ ಕೇಡು ಎಂದು ನಂಬಿದ ಜನವೂ ದೇವಿಯನ್ನು ಬಿಡಲಿಲ್ಲ, ದೇವಿಯೂ ಜನರನ್ನು ಬಿಡಲಿಲ್ಲ ಎಂದು ಹೇಳುವಾಗ ಅವರ ಗಂಟಲು ಸ್ವಲ್ಪ ಕಟ್ಟಿತ್ತು. ಆ ಮಾತಿನಲ್ಲಿ ಅವರ ಸ್ವಂತದ ಸಂಗತಿಯೂ ಇತ್ತೆಂದು ಆಗ ನಮಗೆ ಗೊತ್ತಿರಲಿಲ್ಲ.

ಇದೇ ಸಂದರ್ಭದಲ್ಲಿ ನೆನೆಯಲೇಬೇಕಾದವರು ವಿಜ್ಞಾನದ ಅಕ್ಕೋರು. ಕಾರವಾರದ ಕಡೆಯವರು, ಕ್ಯಾಥೊಲಿಕರು. ಭಾನುವಾರದ ಪ್ರಾರ್ಥನೆಗೆ ಮಳೆಗಾಲದಲ್ಲೂ ಬಸ್ಸು ಹಿಡಿದು ಶಿರಸಿಗೆ ಹೋಗುತ್ತಿದ್ದರು. ಗೆಲಿಲಿಯೋನನ್ನು 1633ರಲ್ಲಿ ಚರ್ಚು ವಿಚಾರಣೆಗೆ ಒಳಪಡಿಸಿ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬ ಮಾತನ್ನು ತಪ್ಪೆಂದು ಒಪ್ಪಿಸಿ, ಸಾಯುವವರೆಗೆ ಮನೆಯಲ್ಲೇ ಬಂಧನದಲ್ಲಿಟ್ಟದ್ದನ್ನು ಅವರು ಏನನ್ನೂ ಮುಚ್ಚಿಡದೆ ಪಾಠ ಮಾಡಿದರು. ಹಾಗಾದರೆ ನೀವೇಕೆ ಚರ್ಚಿಗೆ ಹೋಗುತ್ತೀರಿ ಎಂದು ಒಬ್ಬ ಕೇಳಿಯೇಬಿಟ್ಟ. ಗೆಲಿಲಿಯೋ ಕೂಡ ಕೊನೆಯವರೆಗೂ ಕ್ರೈಸ್ತನಾಗಿಯೇ ಇದ್ದ ಎಂದಷ್ಟೇ ಹೇಳಿ ಅವರು ಕರಿಹಲಗೆ ಒರೆಸಿದರು. ಪೋಪ್ ಎರಡನೆಯ ಜಾನ್ ಪಾಲ್ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ, ಅಂದರೆ 359 ವರ್ಷಗಳ ನಂತರ. ಆ ಸುದ್ದಿಯಿದ್ದ ಪತ್ರಿಕೆಯ ತುಣುಕನ್ನು ಅಕ್ಕೋರಿಗೆ ಕಳಿಸಬೇಕೆಂದು ಕತ್ತರಿಸಿ ಇಟ್ಟುಕೊಂಡೆ; ಅಷ್ಟರಲ್ಲಿ ಅವರು ಎಲ್ಲಿದ್ದಾರೆಂದು ಹೇಳುವವರು ಯಾರೂ ಇರಲಿಲ್ಲ.

ನಾನು ವಕೀಲನಾದದ್ದಕ್ಕೆ ಆ ಬಾವಿಕಟ್ಟೆಯ ಸ್ನಾನವೂ ಒಂದು ಕಾರಣವೆಂದು ನಂಬಿದ್ದೇನೆ. ಧಾರವಾಡದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಕೀಲಿ ಮಾಡಿದ್ದೇನೆ. ಊರಿನವರು ನೀರು-ನೆರವು ನಿಲ್ಲಿಸಿದ ಮೂರು ಕುಟುಂಬಗಳ ಪರವಾಗಿ ಶುಲ್ಕವಿಲ್ಲದೆ ವಾದಿಸಿ ಗೆದ್ದಿದ್ದೇನೆ ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1949ರಲ್ಲಿ, ಬಹಿಷ್ಕಾರವನ್ನು ಅಪರಾಧವೆಂದು ಸಾರಿದ ಕಾಯಿದೆಯೊಂದು ಜಾರಿಗೆ ಬಂದಿತ್ತು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. ಸಂವಿಧಾನದ 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ ಹಕ್ಕು ಕೊಟ್ಟಿದೆ ಎಂಬ ಆಧಾರದ ಮೇಲೆ ಸುಪ್ರೀಂ ಕೋರ್ಟು 1962ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ಕಡೆ. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರೇ ಕಾಯಿದೆಯ ಪರವಾಗಿ ಭಿನ್ನ ತೀರ್ಪು ಬರೆದರು. ಅದನ್ನು ನಾನು ಇಂದಿಗೂ ಆಗಾಗ ತೆಗೆದು ಓದುತ್ತೇನೆ.

ಹದಿನೈದು ವರ್ಷಗಳ ಹಿಂದೆ ಆ ತೀರ್ಪಿನ ಪ್ರತಿಯನ್ನು ಮಾಸ್ತರಿಗೆ ಒಯ್ದು ಕೊಟ್ಟೆ. ಎರಡು ದಿನ ಓದಿ, ನನ್ನ ನಿರೀಕ್ಷೆಗೆ ವಿರುದ್ಧವಾಗಿ, ನಾಲ್ವರ ಮಾತೂ ಪೂರ್ತಿ ತಪ್ಪಲ್ಲ ಎಂದರು. “ಪಂಕ್ತಿ ಅವರದು, ಯಾರನ್ನು ಕೂರಿಸಬೇಕೆಂದು ಅವರೇ ಹೇಳಲಿ. ತಂಗಿಯ ಮದುವೆ ಧರ್ಮವೋ ಅಧರ್ಮವೋ ಎಂದು ಹೇಳುವ ಅಧಿಕಾರವನ್ನು ಮಾತ್ರ ನಾನು ಅವರಿಗೆ ಕೊಡಲಿಲ್ಲ. ಕಾನೂನು ಭಟ್ಟರ ರಟ್ಟೆ ಹಿಡಿದು ನನ್ನ ಮನೆಗೆ ಕರೆತಂದಿದ್ದರೆ ಆ ಮಂತ್ರದಿಂದ ನನ್ನ ಅಪ್ಪಯ್ಯನಿಗೆ ಏನು ಸಿಗುತ್ತಿತ್ತು?” ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಾಸ್ತರಿಗೆ ಮಂತ್ರ ಬರುತ್ತಿತ್ತು, ಸಂಬಳ ಬರುತ್ತಿತ್ತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನೂ ಹತ್ತಿರ ಬರದೆ ಅಡಿಕೆ ಮರದಲ್ಲೇ ಉದುರಿಹೋಗುವುದನ್ನು ನೋಡುತ್ತ ಕುಳಿತ ಬಡ ಮನೆಯವನಿಗೆ ಒಳಗಿನ ನಂಬಿಕೆಯೊಂದೇ ಸಾಲದು, ಹೊರಗೆ ಕಾನೂನೂ ಬೇಕು. ಅವರೆದುರು ಇಷ್ಟನ್ನು ವಾದಿಸಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, ಅದು ನಿಜ ಎಂದರು.

ಈಗಿನ ಶಾಲೆಗಳಲ್ಲಿ ಮೌಲ್ಯಶಿಕ್ಷಣಕ್ಕೆ ಪ್ರತ್ಯೇಕ ಅವಧಿಯಿದೆ. ಅಂಥ ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಪೀಠಾಧಿಪತಿಗಳೊಬ್ಬರು ಆಶೀರ್ವಚನ ನೀಡಿದರು, ಮಕ್ಕಳು ಕೈಮುಗಿದು ಕುಳಿತಿದ್ದರು, ಪ್ರಶ್ನೆ ಕೇಳಲು ಸಮಯವಿಟ್ಟಿರಲಿಲ್ಲ. ಅಕ್ಕೋರಿಗೆ ಆ ಪ್ರಶ್ನೆ ಕೇಳಿದ ಹುಡುಗನಿಗೆ ಅಲ್ಲಿ ಎದ್ದು ನಿಲ್ಲಲು ಸಾಧ್ಯವಾಗುತ್ತಿತ್ತೇ ಎಂದು ನನಗೆ ಬಹಳ ನೋವಾಯಿತು.

ಮಾಸ್ತರ ಹನ್ನೆರಡನೆಯ ದಿನಕ್ಕೆ ಹೋಗಿದ್ದೆ. ಕಾಲ ಬದಲಾಗಿದೆ, ಭಟ್ಟರು ಬಂದಿದ್ದರು, ಚಪ್ಪರದ ತುಂಬ ಜನರಿದ್ದರು. ನಾಮಧಾರಿ ಗೆಳೆಯನೂ ಬಂದು ನನ್ನ ಪಕ್ಕದ ಬಾಳೆಗೇ ಕುಳಿತ. ಮಾಸ್ತರ ಆ ತಂಗಿ, ಈಗ ಎಂಬತ್ತರ ಅಂಚಿನಲ್ಲಿರುವವರು, ಹುಬ್ಬಳ್ಳಿಯಿಂದ ಬಂದಿದ್ದರು. ಬಗ್ಗಲು ಆಗದಿದ್ದರೂ ಯಾರ ಮಾತನ್ನೂ ಕೇಳದೆ, ಮೊಮ್ಮಗಳ ಭುಜ ಹಿಡಿದುಕೊಂಡು, ಸಾಲಿನ ಪ್ರತಿ ಎಲೆಗೂ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ತಾವೇ ಬಡಿಸುತ್ತ ಬಂದರು.