ಪೇಪರ್‌ನಲ್ಲಿ ಒಂದು ರೇಟು, ಚೀಟಿಯಲ್ಲಿ ಒಂದು ರೇಟು

ಬೆಳಗ್ಗೆ ಹತ್ತೂವರೆ ಇರಬೇಕು. ಕೋಲಾರದ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಒಬ್ಬ ಯಜಮಾನರು ಬಂದರು. ಒಂದು ಕೈಯಲ್ಲಿ ನಮ್ಮ ಪೇಪರ್, ಇನ್ನೊಂದರಲ್ಲಿ ಅವರ ಟೊಮೆಟೊ ಮಾರಿಸಿಕೊಟ್ಟ ಮಂಡಿಯ ಚೀಟಿ. ಎರಡನ್ನೂ ನನ್ನ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟರು. ಪೇಪರ್‌ನಲ್ಲಿ ಟೊಮೆಟೊ ಬಾಕ್ಸ್‌ಗೆ 2,000 ದಾಟಿತು ಅಂತ ನಾನೇ ಬರೆದ ಹೆಡ್ಡಿಂಗು. ಚೀಟಿಯಲ್ಲಿ 1,150.

‘ಎರಡರಲ್ಲಿ ಯಾವುದು ಸುಳ್ಳು ಸಾರ್?’ ಅಂದರು. ಕೋಪದಲ್ಲಿ ಕೇಳಲಿಲ್ಲ, ನಿಜವಾಗಿಯೂ ಗೊತ್ತಾಗಬೇಕು ಅಂತಲೇ ಕೇಳಿದರು. ಅದಕ್ಕೇ ಉತ್ತರ ಕೊಡೋದು ಕಷ್ಟ ಆಯಿತು.

ಇದು 2023ರ ಜುಲೈ. ಆ ವರ್ಷ ನಮ್ಮ ಕಡೆ ತೋಟಗಳಿಗೆ ಎಲೆ ಮುದುರುವ ಬಿಂಗಿ ರೋಗ ಬಿದ್ದು ಇಳುವರಿ ಕುಸಿದಿತ್ತು, ಬೇರೆ ರಾಜ್ಯಗಳಲ್ಲೂ ಮಾಲಿಲ್ಲ. 15 ಕೆಜಿ ಬಾಕ್ಸ್‌ನ ರೇಟು ನಾವು ಯಾರೂ ಕಾಣದ ಮಟ್ಟಕ್ಕೆ ಹೋಗಿತ್ತು. ದೆಹಲಿಯಲ್ಲಿ ಕೇಂದ್ರ ಸರ್ಕಾರವೇ ವ್ಯಾನಿನಲ್ಲಿ ಟೊಮೆಟೊ ಇಟ್ಟು ಕೆಜಿಗೆ 90 ರೂಪಾಯಿಯಂತೆ ಮಾರಿಸಿ, ಆಮೇಲೆ 80, 70 ಅಂತ ಇಳಿಸಿತ್ತು. ಕೋಲಾರ ಎಪಿಎಂಸಿ ಯಾರ್ಡಿನಲ್ಲಿ ಲಾರಿಗಳ ಮಧ್ಯೆ ಟಿವಿಯವರ ಗಾಡಿಗಳೂ ನಿಂತಿದ್ದವು. ಅಂಥ ದಿನಗಳಲ್ಲಿ ಹೆಡ್ಡಿಂಗು ತಾನಾಗಿಯೇ ಹುಟ್ಟುತ್ತೆ, ಅದೇ ಅಪಾಯ.

ನಿಜ ಹೇಳಬೇಕಂದ್ರೆ ಎರಡೂ ಸುಳ್ಳಲ್ಲ. ಆ 2,000ದ ರೇಟು ಬಿದ್ದಿದ್ದು ಬೆರಳೆಣಿಕೆಯ ಲಾಟ್‌ಗಳಿಗೆ. ಗಟ್ಟಿ ಕಾಯಿ, ಒಂದೇ ಸೈಜು, ಅರ್ಧ ಬಣ್ಣ ತಿರುಗಿದ್ದು, ದೂರದ ಲಾರಿಯಲ್ಲಿ ಎರಡು ಮೂರು ದಿನ ಹೋದರೂ ಕೆಡದಂಥದ್ದು. ಯಜಮಾನರದ್ದು ಕೊನೆಕೊನೆಯ ಕೊಯ್ಲು, ಕಾಯಿ ಚಿಕ್ಕದು ದೊಡ್ಡದು ಬೆರೆತಿತ್ತು, ಸೆಕೆಂಡ್ ಮಾಲು. ನಾನು ಹಿಂದಿನ ಸಂಜೆ ಯಾರ್ಡಿಗೆ ಹೋಗಿರಲೇ ಇಲ್ಲ. ಅಲ್ಲಿನವರಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇವತ್ತು ಹೈಯೆಸ್ಟ್ ಎಷ್ಟು?’ ಅಷ್ಟಕ್ಕೆ ಅವರು ಉತ್ತರ ಕೊಟ್ಟರು, ನಾನು ಅದನ್ನೇ ಇಡೀ ಮಾರ್ಕೆಟ್ಟಿನ ರೇಟು ಮಾಡಿಬಿಟ್ಟೆ.

ಯಜಮಾನರ ಮಗ ಅದೇ ಪೇಪರ್ ಓದಿ, ಮಂಡಿಯವರು ಮೋಸ ಮಾಡಿದ್ದಾರೆ ಅಂತ ಜಗಳಕ್ಕೆ ಹೋಗಿದ್ದನಂತೆ. ‘ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮಂಡಿ ಹುಡುಗ ಸೆಕೆಂಡ್ ಮಾಲು 1,100ರಿಂದ 1,200 ಅಂತ ಸರಿಯಾಗೇ ಹಾಕಿದ್ದ ಸಾರ್. ನನ್ನ ಮಗ ಅದನ್ನ ನಂಬಲಿಲ್ಲ, ನಿಮ್ಮನ್ನ ನಂಬಿದ’ ಅಂದರು.

ಹದಿಮೂರು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ವಾಟ್ಸಾಪ್ ಅಂದ್ರೆ ಸುಳ್ಳು, ಪೇಪರ್ ಅಂದ್ರೆ ನಿಜ ಅಂತ ಕಾಲೇಜುಗಳಿಗೆ ಹೋಗಿ ಭಾಷಣ ಬೇರೆ ಮಾಡಿದ್ದೆ. ಆವತ್ತು ಆ ಚೀಟಿ ನೋಡಿಕೊಂಡು ಸುಮ್ನೆ ಕೂತಿದ್ದೆ.

ಮಾರನೇ ದಿನ ಬೆಳಗ್ಗೆಯೇ ಯಾರ್ಡಿಗೆ ಹೋದೆ. ಹರಾಜು ಕೂಗುವವರ ಹಿಂದೆ ಹಿಂದೆ ನಡೆದೆ. ಆ ಮಂಡಿ ಹುಡುಗನನ್ನೂ ಹುಡುಕಿದೆ. ಒಂದು ಲಾಟ್ ಮುಗಿದ ಕೂಡಲೇ ಹೆಬ್ಬೆರಳಲ್ಲಿ ಟೈಪ್ ಮಾಡ್ತಾನೆ: ಫಸ್ಟ್ ಇಷ್ಟು, ಸೆಕೆಂಡ್ ಇಷ್ಟು, ಗೋಲಿ ಸೈಜು ಇಷ್ಟು. ಒಂದು ಫೋಟೊ. ಮುಗೀತು. ಸುಳ್ಳು ಹಾಕಿದ್ರೆ ಏನಾಗುತ್ತೆ ಅಂತ ಕೇಳಿದ್ದಕ್ಕೆ ನಕ್ಕ. ‘ಮಧ್ಯಾಹ್ನದೊಳಗೆ ಇಲ್ಲೇ ಬಂದು ಕೊರಳಪಟ್ಟಿ ಹಿಡೀತಾರಣ್ಣ’ ಅಂದ. ರೈತರು ನಂಬಿದ್ದು ಮೊಬೈಲನ್ನಲ್ಲ, ಕೈಗೆ ಸಿಗುವ ಈ ಹುಡುಗನನ್ನ. ಅವನಿಗೂ ಅವನದೇ ಲೆಕ್ಕ ಇರುತ್ತೆ ಅನ್ನಿ. ತನ್ನ ಮಂಡಿಗೆ ಮಾಲು ಬರಲಿ ಅಂತ ಒಳ್ಳೇ ಲಾಟ್‌ನ ಫೋಟೊವನ್ನೇ ಜಾಸ್ತಿ ಹಾಕ್ತಾನೆ. ಅದು ರೈತರಿಗೂ ಗೊತ್ತು, ಅಷ್ಟು ಕಳೆದುಕೊಂಡೇ ಓದ್ತಾರೆ.

ತೊಂದರೆ ಏನಂದ್ರೆ ಅದೇ ಗ್ರೂಪಿಗೆ ಬೇರೆ ಸರಕೂ ಬರುತ್ತೆ. ಯಾರು ಮಾಡಿದ್ದು ಗೊತ್ತಿಲ್ಲ, ಎಲ್ಲಿಂದ ಬಂತು ಗೊತ್ತಿಲ್ಲ, ಮೇಲೆ ತುಂಬಾ ಸಲ ಫಾರ್ವರ್ಡ್ ಆಗಿದೆ ಅನ್ನೋ ಜೋಡಿ ಬಾಣದ ಗುರುತು ಮಾತ್ರ ಇರುತ್ತೆ. ಆ ಸೆಪ್ಟೆಂಬರ್‌ನಲ್ಲಿ ರೇಟು ಬಿದ್ದಾಗ ಒಂದು ವಿಡಿಯೊ ಓಡಾಡಿತು: ರಸ್ತೆ ಪಕ್ಕ ಟ್ರ್ಯಾಕ್ಟರ್‌ನಿಂದ ಟೊಮೆಟೊ ಸುರೀತಿದ್ದಾರೆ, ‘ಕೋಲಾರ, ಇವತ್ತು ಬೆಳಗ್ಗೆ’ ಅಂತ ಮೇಲೆ ಬರಹ. ನಮ್ಮ ಡೆಸ್ಕಿನವರು ಫೋಟೊ ತೆಗೆದು ಪುಟಕ್ಕೆ ಇಟ್ಟೇಬಿಟ್ಟಿದ್ದರು. ನಿಲ್ಲಿಸಿ ಅಂದೆ. ವಿಡಿಯೊ ತಡೆದು ತಡೆದು ನೋಡಿದೆ. ನಮ್ಮಲ್ಲಿ ಕ್ರೇಟ್‌ಗಳ ಮೇಲೆ ಮಂಡಿ ಹೆಸರು ಬರೆದಿರುತ್ತೆ, ಕಳೆದುಹೋಗದಿರಲಿ ಅಂತ. ಆ ವಿಡಿಯೊದ ಕ್ರೇಟ್ ದೊಡ್ಡದು ಮಾಡಿ ನೋಡಿದ್ರೆ ತೆಲುಗು ಅಕ್ಷರ. ಟ್ರ್ಯಾಕ್ಟರ್ ನಂಬರ್ ಎಪಿ. ಆಂಧ್ರದ ಮದನಪಲ್ಲಿ ಕಡೆಯದ್ದಿರಬೇಕು ಅಂತ ಮೊದಲ ನೋಟಕ್ಕೇ ಅನಿಸಿತು, ಆದರೆ ಅನಿಸಿದ್ದನ್ನ ಬರೆಯೋಕಾಗಲ್ಲ. ಕೋಲಾರದ್ದು ಅಂತ ಹಾಕೋಕಾಗಲ್ಲ ಅನ್ನೋದಷ್ಟೇ ಖಚಿತ. ಈ ಕೆಲಸಕ್ಕೆ ಹಿಡಿದಿದ್ದು ಹತ್ತು ನಿಮಿಷ, ಬೇಕಾಗಿದ್ದು ಕ್ರೇಟ್ ನೋಡಿದ ಕಣ್ಣು. ಡೆಸ್ಕಿನಲ್ಲಿ ಕೂತ ಹುಡುಗ ಯಾರ್ಡ್ ನೋಡಿಯೇ ಇರಲಿಲ್ಲ. ಅವನ ತಪ್ಪಲ್ಲ, ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಹಾಗಂತ ಸುಳ್ಳೆಲ್ಲ ಮೊಬೈಲಲ್ಲೇ ಹುಟ್ಟುತ್ತೆ ಅಂತಲೂ ಇಲ್ಲ. 2020ರ ಮೇನಲ್ಲಿ ಮಹಾರಾಷ್ಟ್ರದ ಟೊಮೆಟೊ ಗಿಡಕ್ಕೆ ಬಂದ ವೈರಸ್ಸನ್ನ ಟಿವಿಯಲ್ಲೇ ಮನುಷ್ಯರಿಗೂ ಅಪಾಯ ಅನ್ನೋ ಹಾಗೆ ತೋರಿಸಿದ್ದರು. ಗಿಡದ ವೈರಸ್ ಮನುಷ್ಯರಿಗೆ ಬರಲ್ಲ. ಕೊರೊನಾ ಭಯದ ಮಧ್ಯೆ ಅದನ್ನ ಕೇಳುವವರು ಯಾರು?

ನನಗೆ ಹೆಚ್ಚು ಚುಚ್ಚಿದ್ದು ಆಮೇಲೆ ನಡೆದ ಇನ್ನೊಂದು ವಿಷಯ. ಒಂದು ಸಂಜೆ ಆರರ ಸುಮಾರಿಗೆ ಮೆಸೇಜು: ನಾಳೆಯಿಂದ ಮೂರು ದಿನ ಎಪಿಎಂಸಿ ಬಂದ್. ಸಹಿ ಇಲ್ಲ, ತಾರೀಕಿಲ್ಲ. ನಾನು ಯಾರ್ಡಿನ ಕಚೇರಿಗೆ ಫೋನ್ ಮಾಡಿದೆ, ಇಬ್ಬರು ಮಂಡಿಯವರಿಗೆ ಮಾಡಿದೆ. ಆರೂವರೆಗೆಲ್ಲ ಸುಳ್ಳು ಅಂತ ಖಚಿತ ಆಯಿತು. ಏನು ಮಾಡಿದೆ? ನೀಟಾಗಿ ಎಂಟು ಸಾಲು ಸುದ್ದಿ ಬರೆದೆ. ಡೆಸ್ಕ್ ಅದನ್ನ ಮೂರನೇ ಪುಟದ ಕೆಳಗೆ ‘ಬಂದ್ ಇಲ್ಲ: ಸ್ಪಷ್ಟನೆ’ ಅಂತ ಹಾಕಿತು. ಬೆಳಗ್ಗೆ ಪೇಪರ್ ಬರೋ ಹೊತ್ತಿಗೆ ಶ್ರೀನಿವಾಸಪುರ ಕಡೆಯ ಎಷ್ಟೋ ಮಂದಿ ಆಳುಗಳಿಗೆ ಬರಬೇಡಿ ಅಂತ ಹೇಳಿಯಾಗಿತ್ತು. ಕೊಯ್ಯಬೇಕಾದ ದಿನ ಕೊಯ್ಯದಿದ್ದರೆ ಟೊಮೆಟೊ ಕಾಯಲ್ಲ. ಗಿಡದಲ್ಲೇ ಹಣ್ಣಾಗುತ್ತೆ, ದೂರದ ಲಾರಿಯವರು ಮುಟ್ಟಲ್ಲ, ಸಿಕ್ಕಿದ ರೇಟಿಗೆ ಲೋಕಲ್‌ಗೆ ಕೊಡಬೇಕು. ಸತ್ಯ ಇಡೀ ರಾತ್ರಿ ನನ್ನ ಕಂಪ್ಯೂಟರಿನಲ್ಲಿತ್ತು.

ಈ ಮಾತು ಬರೀ ಟೊಮೆಟೊಗೆ ಅಲ್ಲ. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂದುಕೊಂಡು ರಾಜಸ್ಥಾನದಿಂದ ಬಂದಿದ್ದ ಹುಡುಗನನ್ನ ಜನ ಹೊಡೆದು ಕೊಂದರು, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಟೆಕ್ಕಿಯನ್ನ. ಅದಾದ ಮೇಲೆಯೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಮೆಸೇಜನ್ನ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಮಿತಿ ಹಾಕಿದ್ದು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ಒಂದೇ ಕಡೆ ಅಂತ ಮಾಡಿದರು. ಅಂಥ ರಾತ್ರಿಯಲ್ಲಿ ‘ನಾಳೆ ಪುಟ ಮೂರು ನೋಡಿ’ ಅಂತ ಕೂತರೆ ನಮ್ಮ ಕೆಲಸಕ್ಕೆ ಏನು ಅರ್ಥ?

ಸಂಪಾದಕರ ಹತ್ತಿರ ಹೋಗಿ, ಖಚಿತ ಆದ ತಕ್ಷಣ ನಾವೇ ಗ್ರೂಪುಗಳಿಗೆ ಹಾಕೋಣ ಅಂದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ‘ಎಲ್ಲ ರಾತ್ರಿಯೇ ಕೊಟ್ಟುಬಿಟ್ರೆ ಬೆಳಗ್ಗೆ ಪೇಪರ್ ಯಾಕಪ್ಪಾ ಕೊಳ್ತಾರೆ?’ ಇದು ದಡ್ಡ ಪ್ರಶ್ನೆ ಅಲ್ಲ. ಜಿಲ್ಲಾ ಪತ್ರಿಕೆ ನಡೆಯೋದು ಚಂದಾ ಮತ್ತು ಜಾಹೀರಾತಿನಿಂದ, ಸಂಬಳ ಅದರಿಂದಲೇ ಬರಬೇಕು. ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಂದು ಒಪ್ಪಂದಕ್ಕೆ ಬಂದೆವು: ಜನ ಆ ರಾತ್ರಿಯೇ ಏನಾದರೂ ಮಾಡಿಬಿಡುವ ವಿಷಯ ಇದ್ದರೆ ತಕ್ಷಣ ಹಾಕೋದು, ಮಿಕ್ಕಿದ್ದು ಬೆಳಗ್ಗೆ. ಹಾಕುವಾಗ ಯಾರನ್ನ ಕೇಳಿದೆವು, ಎಷ್ಟು ಗಂಟೆಗೆ ಕೇಳಿದೆವು ಅಂತಲೂ ಬರೆಯೋದು. ಇನ್ನೂ ಗೊತ್ತಾಗಿಲ್ಲ ಅಂದ್ರೆ ‘ವಿಚಾರಿಸ್ತಾ ಇದ್ದೀವಿ, ಎಂಟು ಗಂಟೆಗೆ ಹೇಳ್ತೀವಿ’ ಅಂತ ಹಾಕಿ, ಎಂಟಕ್ಕೆ ಹೇಳೋದು. ಮೊದಲ ವಾರ ಇದಕ್ಕೇ ನಾಚಿಕೆ ಆಗ್ತಿತ್ತು. ವರದಿಗಾರ ಗೊತ್ತಿಲ್ಲ ಅನ್ನೋದಾ ಅಂತ.

ರೇಟಿನ ಕಾಲಂ ಕೂಡ ಬದಲಾಯಿತು. ಈಗ ಕಡಿಮೆ ಎಷ್ಟು, ಜಾಸ್ತಿ ಎಷ್ಟು, ಹೆಚ್ಚು ಮಾಲು ಹೋಗಿದ್ದು ಯಾವ ರೇಟಿಗೆ ಅಂತ ಮೂರೂ ಕೊಡ್ತೀವಿ. ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಇದು ಮೊದಲಿಂದಲೂ ಹೀಗೇ ಇದೆ, ನಾವು ಮಾತ್ರ ದೊಡ್ಡ ಅಂಕಿ ಒಂದನ್ನೇ ಎತ್ತಿಕೊಳ್ತಿದ್ದೆವು. ಹೆಡ್ಡಿಂಗು ಸಪ್ಪೆ ಆಯಿತು ಅಂತ ಮಾರ್ಕೆಟಿಂಗ್‌ನವರು ಗೊಣಗಿದರು, ಗೊಣಗಲಿ. ಜುಲೈನ ತಪ್ಪಿಗೆ ತಿದ್ದುಪಡಿಯನ್ನ ಮೂಲೆಯಲ್ಲಿ ಎರಡು ಸಾಲು ಹಾಕದೆ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಹಾಕಿಸಿದೆ. ಅದಕ್ಕೆ ಮೂರು ದಿನ ಜಗಳ ಆಡಬೇಕಾಯಿತು.

ಆ ಯಜಮಾನರ ನಂಬರ್ ನನ್ನ ಮೊಬೈಲಲ್ಲಿದೆ, ನನ್ನದು ಅವರ ಹತ್ತಿರ. ಮೊನ್ನೆ ಬೆಳಗ್ಗೆ ಒಂಬತ್ತಕ್ಕೆ ಫೋನ್ ಬಂತು. ‘ಸಾರ್, ಸೆಕೆಂಡ್ ಮಾಲಿಗೆ ಹತ್ತು ರೂಪಾಯಿ ಜಾಸ್ತಿ ಹಾಕಿದ್ದೀರಿ. ನಾನು ಇಲ್ಲೇ ನಿಂತಿದ್ದೀನಿ.’ ಹಿಂದೆ ಹರಾಜಿನ ಕೂಗು ಕೇಳಿಸ್ತಿತ್ತು. ನೋಟ್‌ಬುಕ್ ತೆಗೆದು ನೋಡಿದೆ, ಪಕ್ಕದ ಲಾಟ್‌ನ ರೇಟು ಬರೆದುಕೊಂಡಿದ್ದೆ. ಗ್ರೂಪಿನಲ್ಲಿ ತಿದ್ದಿ ಹಾಕಿ, ಅವರಿಗೆ ತಿರುಗಿ ಫೋನ್ ಮಾಡಿದೆ. ‘ಹಾಂ, ಈಗ ಸರಿ ಇದೆ’ ಅಂದು ಇಟ್ಟುಬಿಟ್ಟರು.