ನೈಸ್ ಅಂದ್ರೆ ನಾದಾನ!

ಕಲಬುರಗಿಯಲ್ಲಿ ಜೋಳ ಬೀಸಿಸೋಕೆ ಗಿರಣಿಗೆ ಹೋದರೆ ಕಿವಿಗೆ ಬೀಳುವ ಮೊದಲ ಇಂಗ್ಲಿಷ್ ಪದ 'ನೈಸ್'. ಹೋದ ಭಾನುವಾರ ನನ್ನ ಮುಂದೆ ನಿಂತಿದ್ದ ಅಕ್ಕ ಒಬ್ಬರು, "ಅಣ್ಣಾ, ನೈಸ ಬೀಸ್ರಿ, ಹ್ವಾದ ಸಲ ತರಿತರಿ ಆಗಿ ರೊಟ್ಟಿ ಬಡೀಲಾಕ ಬರಲಿಲ್ಲ" ಅಂದರು. ಗಿರಣಿಯವರು ಕಲ್ಲು ಸ್ವಲ್ಪ ಬಿಗಿ ಮಾಡಿ, ಬಿಸಿ ಹಿಟ್ಟನ್ನು ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿ ತಲೆ ಆಡಿಸಿದರು.

ಈ ಪದ ಎಲ್ಲಿಂದ ಬಂತು ಅಂತ ಮನೆಗೆ ಬಂದು ಸುಮ್ನೆ ಹುಡುಕಿದೆ. ನಗು ಬಂತು.

ಮೂಲ ಲ್ಯಾಟಿನ್‌ನ 'ನೆಸ್ಕಿಯಸ್'. 'ನೆ' ಅಂದ್ರೆ ಇಲ್ಲ, 'ಸ್ಕಿರೆ' ಅಂದ್ರೆ ತಿಳಿ. ಅಂದ್ರೆ ಏನೂ ತಿಳಿಯದವನು. ಹಳೆಯ ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಯಾರನ್ನಾದರೂ ನೈಸ್ ಅಂದರೆ ಅದು ಬೈಗುಳ, ದಡ್ಡ ಅಂತ. ನಮ್ಮೂರಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಯಾಕಂದ್ರೆ ಉರ್ದುವಿನ 'ನಾದಾನ್' ಕೂಡ ಹೀಗೇ ಕಟ್ಟಿದ ಪದ: ಫಾರ್ಸಿಯಲ್ಲಿ 'ನಾ' ಅಂದ್ರೆ ಇಲ್ಲ, 'ದಾನ್' ಅಂದ್ರೆ ಬಲ್ಲವನು. ನಮ್ಮ ತಿಳಿಗೇಡಿಯೂ ಅದೇ ಓಣಿಯವನು. ಇನ್ನೊಂದು ಮಜಾ ಅಂದ್ರೆ, ಅದೇ 'ಸ್ಕಿರೆ'ಯಿಂದಲೇ 'ಸೈನ್ಸ್' ಹುಟ್ಟಿದ್ದು. ತಿಳಿದದ್ದು ಸೈನ್ಸ್, ತಿಳಿಯದ್ದು ನೈಸ್!

ಆಮೇಲೆ ಅರ್ಥ ಜಾರುತ್ತಾ ಹೋಯಿತು. ದಡ್ಡ ಹೋಗಿ ಅತಿ ನಾಚಿಕೆಯವನಾದ, ಎಲ್ಲದಕ್ಕೂ ಮೂಗು ಮುರಿಯುವವನಾದ, ಅಲ್ಲಿಂದ ನಾಜೂಕು, ಸೂಕ್ಷ್ಮ, ಕರಾರುವಾಕ್ಕು. ಚಂದ, ಹಿತ ಅನ್ನೋ ಅರ್ಥ ಗಟ್ಟಿಯಾಗಿದ್ದು 18ನೇ ಶತಮಾನದಲ್ಲಿ. ಆದರೂ ಹಳೆಯದು ಪೂರ್ತಿ ಹೋಗಿಲ್ಲ, 'ನೈಸ್ ಡಿಸ್ಟಿಂಕ್ಷನ್' ಅಂದರೆ ಇವತ್ತಿಗೂ ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ. ನನಗಂತೂ ಈ ಅರ್ಥವೇ ಗಿರಣಿಗೆ ಹತ್ತಿರ ಅನಿಸುತ್ತೆ.

ಆದರೆ ಕನ್ನಡದವರು ಇದನ್ನ ಬಗ್ಗಿಸಿರೋದು ಇಂಗ್ಲಿಷಿನವರಿಗಿಂತ ಜಾಸ್ತಿನೇ. ಬಟ್ಟೆ ನೈಸು ಅಂದ್ರೆ ನುಣುಪು, ನೈಸಾಗಿ ಜಾರಿಕೊಂಡ ಅಂದ್ರೆ ಗೊತ್ತಾಗದ ಹಾಗೆ ತಪ್ಪಿಸಿಕೊಂಡ. ಇನ್ನು 'ನೈಸ್ ಮಾಡೋದು' ಅಂತೂ ಪೂರ್ತಿ ನಮ್ಮದೇ. ಗೆಳೆಯ ಚಹಾ ಕುಡಿಸಿ, ಅಂಗಿ ಹೊಗಳಿ, ಕೊನೆಗೆ ಗಾಡಿ ಕೀಲಿ ಕೇಳಿದಾಗ "ಏನಪಾ, ಆಗಿಂದ ನೈಸ ಮಾಡ್ಲತ್ತಿದ್ದಿ" ಅಂತೀವಲ್ಲ, ಅದು. ದಡ್ಡನಿಗೆ ಇದ್ದ ಪದ ನಮ್ಮಲ್ಲಿಗೆ ಬಂದು ಚಾಲಾಕಿಯ ಕೈ ಸೇರಿತು.

ಇದನ್ನೆಲ್ಲ ಅವ್ವನಿಗೆ ಉತ್ಸಾಹದಿಂದ ಹೇಳಿದೆ. ಡಬ್ಬಿಗೆ ಹಿಟ್ಟು ಸುರಿಯುತ್ತಾ ಎಲ್ಲ ಕೇಳಿಸಿಕೊಂಡಳು. "ಹೌದೇನು? ಹಿಟ್ಟ ಮಾತ್ರ ಈ ಸಲ ಚಲೋ ನೈಸ ಬಂದದ ನೋಡು."